ಬಳ್ಳಿ ಕೇಳದ ವೈನ್ ಟೂರು

ಬೆಂಗಳೂರಿನ ನಮ್ಮಂಥ ಐಟಿ ಮಂದಿ ವೀಕೆಂಡಿಗೆ ವೈನರಿ ಆರಿಸೋದು ನೋಡ್ರಿ: ರೇಟಿಂಗ್ ಎಷ್ಟು, ಊಟ ಹೆಂಗೈತಿ, ಫೋಟೋ ಚಲೋ ಬರ್ತಾವೋ ಇಲ್ಲೋ. ದ್ರಾಕ್ಷಿ ಯಾರ ಹೊಲದ್ದು ಅಂತ ಯಾರೂ ಕೇಳಂಗಿಲ್ಲ. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದದ್ದೇ ಬೆಳೆಗಾರನಿಗೆ ಇನ್ನೊಂದು ಮಾರುಕಟ್ಟೆ ಸಿಗಲಿ ಅಂತ. ನಮ್ಮ ಟೂರಿನಲ್ಲಿ ಅವನೇ ನಾಪತ್ತೆ.

ತಿಂಗಳೂ ತಪ್ಪು. ನಮ್ಮ ಕಡೆ ಬಳ್ಳಿಗೆ ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡಿ ಕಡ್ಡಿ ಕತ್ತರಿಸಿದರೂ ಬೆಳೆ ಒಂದೇ. ಹಣ್ಣು ಕೀಳೋದು ಫೆಬ್ರುವರಿ, ಮಾರ್ಚ್ ಸುಮಾರಿಗೆ. ಜುಲೈ ಮಳೆಯಲ್ಲಿ ನಂದಿ ಬೆಟ್ಟದ ಕಡೆ ಹೋದವರಿಗೆ ಕಾಣೋದು ಬರೀ ಎಲೆ. (ಎಲೆ ನೋಡಾಕ ಲಾಲ್‌ಬಾಗ್ ಸಾಲದಾ?)

ಸಣ್ಣ ವೈನರಿ ಬೇಕಂದ್ರ ಹಂಪಿ ಟ್ರಿಪ್ಪಿಗೆ ಒಂದು ದಿನ ಸೇರಿಸ್ರಿ. ನಮ್ಮ ಬಾಗಲವಾಡಕ್ಕೆ ಬೆಂಗಳೂರಿಗಿಂತ ಹತ್ತಿರ, ಕೊಪ್ಪಳ ಜಿಲ್ಲೆಯ ಹನುಮಸಾಗರದ ಕಡೆ, ಕ್ರಿಸ್ಮಾ ತನ್ನದೇ ತೋಟದ ಹಣ್ಣಿನಿಂದ ವೈನ್ ಮಾಡ್ತದ. ಮೊದಲೇ ಕೇಳಿಕೊಂಡು ಹೋಗ್ರಿ.

ಎಲ್ಲಿಗೆ ಹೋದರೂ ಕೇಳ್ರಿ: ಹಣ್ಣು ಇಲ್ಲೇ ಬೆಳೆದದ್ದೋ, ಲಾರಿಯಲ್ಲಿ ಬಂದದ್ದೋ? ಲಾರಿಯಲ್ಲಿ ಬಂದರೆ ತಪ್ಪೇನಿಲ್ಲ. ಹಂಗಾದ್ರ ರೈತನಿಗೆ ಕೆಜಿಗೆ ಎಷ್ಟು ಕೊಟ್ರಿ? ನೇರ ಉತ್ತರ ಸಿಕ್ಕ ಕಡೆ ಇನ್ನೊಂದು ಬಾಟಲಿ ತಗೊಳ್ರಿ.