ಮಕ್ಕಳ ಪದ್ಯ, ಯಾರ ಪದ್ಯ?

‘ಮಕ್ಕಳ ಪದ್ಯ’ ಎಂಬಲ್ಲಿ ಇರುವುದು ಷಷ್ಠಿ ವಿಭಕ್ತಿ. ನಾವು ಓದಿಕೊಳ್ಳುವುದು ಮಾತ್ರ ಚತುರ್ಥಿಯನ್ನು. ಪಂಜೆ ಮಂಗೇಶರಾಯರಿಂದ ಹಿಡಿದು ಜಿ.ಪಿ. ರಾಜರತ್ನಂ, ದಿನಕರ ದೇಸಾಯಿ, ಸಿಸು ಸಂಗಮೇಶರವರೆಗೆ ಈ ಹೆಸರಿನಲ್ಲಿ ನಮಗೆ ಸಿಕ್ಕಿದ್ದು ದೊಡ್ಡವರು ಮಕ್ಕಳಿಗಾಗಿ ಬರೆದದ್ದು. ಅದೇನು ಸಣ್ಣ ಆಸ್ತಿಯಲ್ಲ. ಆದರೆ ಮಕ್ಕಳದೇ ಪದ್ಯ ಎಂಬುದೊಂದು ಇರಬಹುದೆಂದು ನಮ್ಮ ವಿಮರ್ಶೆ ಹೆಚ್ಚಾಗಿ ಯೋಚಿಸಿಲ್ಲ. ಶಾಲೆಯೂ ಅಷ್ಟೆ. ಪ್ರತಿಭಾ ಕಾರಂಜಿಯ ಕಂಠಪಾಠಕ್ಕೆ, ಅಭಿನಯ ಗೀತೆಗೆ ಮಗುವಿನ ದನಿ ಬೇಕು, ಮೈ ಬೇಕು. ಮಾತು ಬೇರೆಯವರದಾದರೆ ನಡೆಯುತ್ತದೆ.

ಸವಣೂರು, ಶಿಗ್ಗಾಂವಿ, ಹಾನಗಲ್ಲಿನ ಕಡೆ ಜನ ಪದ ಬರೆಯುವುದಿಲ್ಲ, ಪದ ‘ಕಟ್ಟು’ತ್ತಾರೆ. ಈ ಕ್ರಿಯಾಪದವನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ. ಕಟ್ಟುವುದಕ್ಕೆ ನಾಲ್ಕು ಕೈ ಬೇಕು. ಗೀಗೀ ಮೇಳದಲ್ಲಿ ಮುಂದಿನವನು ಹೊಸ ಸಾಲು ಹೇಳಿ ಬಿಟ್ಟಾಗ ಹಿಮ್ಮೇಳ ಅದನ್ನು ಎತ್ತಿ ಹಿಡಿಯುತ್ತದೆ. ಅಷ್ಟರಲ್ಲಿ ಅವನಿಗೆ ಮುಂದಿನದು ಹೊಳೆಯಬೇಕು. ಮಳೆ ಕೈಕೊಟ್ಟ ವರ್ಷ ಗುರ್ಜಿಯನ್ನು ಹೊತ್ತು ಮನೆಮನೆಗೆ ಹಾಡುತ್ತ ಹೋಗುತ್ತಿದ್ದವರು ಮಕ್ಕಳೇ. ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವನನ್ನು ಕೂರಿಸಿ ಹಾಡಿದವರೂ ಹುಡುಗಿಯರೇ. ಅಲ್ಲಿ ಪಲ್ಲವಿ ಎಲ್ಲರದು, ನಡುವೆ ಸೇರಿಸುವ ಹೆಸರು, ಚೇಷ್ಟೆ, ದೂರು ಆಯಾ ಓಣಿಯದು. ಪಕ್ಕದ ಶಿಶುನಾಳದ ಶರೀಫರು (ಅವರೂ ಕೆಲಕಾಲ ಶಾಲಾ ಮಾಸ್ತರರಾಗಿದ್ದವರು) ತತ್ವಪದಕ್ಕೆ ಎತ್ತಿಕೊಂಡದ್ದು ಸೋರುವ ಮಾಳಿಗೆಯನ್ನು, ಕೋಳಿಯನ್ನು, ಗಿರಣಿಯನ್ನು. ಮಗುವಿಗೂ ಇವೇ ಮೊದಲು ಕಾಣುವುದು.

ಅಮೆರಿಕದ ಕವಿ ಕೆನೆತ್ ಕೋಕ್ ನ್ಯೂಯಾರ್ಕಿನ ಒಂದು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಂದ ಪದ್ಯ ಬರೆಸಿ 1970ರಲ್ಲಿ ಒಂದು ಪುಸ್ತಕ ತಂದ. ಅವನ ಉಪಾಯ ಸರಳ: ಪ್ರತಿ ಸಾಲೂ ‘ನನಗೆ ಆಸೆ’ ಎಂಬ ಅರ್ಥದ ಮಾತಿನಿಂದ ಶುರುವಾಗಲಿ, ಪ್ರಾಸ ಬೇಡ. ಪ್ರಾಸ ಹುಡುಕಲು ಹೋದ ಮಗು ತಾನು ಹೇಳಬೇಕೆಂದದ್ದನ್ನು ಕಳೆದುಕೊಳ್ಳುತ್ತದೆ ಎಂಬುದು ಅವನ ವಾದ. ಇಂಗ್ಲಿಷಿಗೆ ಇದು ನಿಜವಿರಬೇಕು. ಕನ್ನಡದ ತೊಂದರೆ ತದ್ವಿರುದ್ಧ. ನಮ್ಮ ವಾಕ್ಯ ಕ್ರಿಯಾಪದದಲ್ಲಿ ಮುಗಿಯುವುದರಿಂದ ಅಂತ್ಯಪ್ರಾಸ ಪುಕ್ಕಟೆ ಸಿಗುತ್ತದೆ: ಬಂತು, ಹೋತು, ತಿಂತು. ಮಗು ಹುಡುಕುವುದೇ ಇಲ್ಲ, ತೂಗಿಸಿಕೊಂಡು ಹೋಗುತ್ತದೆ, ಅರ್ಥ ನಿದ್ದೆಹೋಗುತ್ತದೆ. ಹಾಗಾಗಿ ಇಲ್ಲಿ ಪ್ರಾಸವನ್ನು ನಿಷೇಧಿಸಿ ಪ್ರಯೋಜನವಿಲ್ಲ. ಸಾಲಿನ ಕೊನೆಯನ್ನು ಮೇಳಕ್ಕೆ ಬಿಟ್ಟು, ಮೊದಲ ಶಬ್ದದ ಹೊಣೆಯನ್ನು ಮಗುವಿಗೆ ಕೊಡಬೇಕು.

ಸವಣೂರಿನ ಒಂದು ಶಾಲೆಯ ಐದನೇ ತರಗತಿಯಲ್ಲಿ ಹೀಗೇ ಮಾಡಿ ನೋಡಿದೆ. ತರಗತಿಯೆಲ್ಲ ಹಲಗೆ ಬಡಿದಂತೆ ಬೆಂಚು ಬಡಿಯುತ್ತ ‘ಸವಣೂರಾಗ ಏನೈತಿ?’ ಎಂದು ಕೇಳಬೇಕು, ಒಬ್ಬರು ಉತ್ತರ ಕಟ್ಟಬೇಕು. ಮೊದಲ ಹತ್ತು ನಿಮಿಷ ಬಂದದ್ದೆಲ್ಲ ಪಠ್ಯಪುಸ್ತಕದ ಭಾಷೆ: ಸುಂದರ ಪರಿಸರ, ಹಸಿರೇ ಉಸಿರು. ಆಮೇಲೆ ಹಿಂದಿನ ಬೆಂಚಿನಿಂದ ಯಾರೋ ‘ಖಾರಾ ತಿಂದ ಬಾಯೈತಿ’ ಎಂದರು, ನಗು ಎದ್ದಿತು, ಬಾಗಿಲು ತೆರೆಯಿತು. ‘ಬಿದ್ದ ಮರ ಎದ್ದೈತಿ’ ಎಂದಳು ಒಬ್ಬಳು. 2023ರ ಮಳೆಗೆ ಉರುಳಿ, ಮತ್ತೆ ನೆಟ್ಟ ಕಲ್ಮಠದ ದೊಡ್ಡಹುಣಸೆ ಅದು. ನನ್ನ ಮಟ್ಟಿಗೆ ಆ ಮರದ ಮೇಲೆ ಬಂದ ಎಲ್ಲ ಲೇಖನಗಳಿಗಿಂತ ಈ ಮೂರು ಶಬ್ದ ಚೆನ್ನಾಗಿವೆ. ಮನೆಯಲ್ಲಿ ದಖನಿ ಮಾತಾಡುವ ಹುಡುಗಿಯೊಬ್ಬಳು, ‘ಅಕ್ಕೋರ, ನಮ್ಮ ಮನಿ ಮಾತು ಹಾಕಬೌದೇನ್ರಿ?’ ಎಂದು ಕೇಳಿ, ‘ನಾನಿ ಕಾ ಪಾನ್‌ದಾನ್ ಐತಿ’ ಎಂದಳು. ವೀಳ್ಯದೆಲೆಯ ಊರು, ನವಾಬರ ಊರು, ಅಜ್ಜಿಯ ಮನೆ ಎಲ್ಲ ಅದರಲ್ಲಿ ಬಂದುಹೋಯಿತು. ‘ಐತಿ’ ಮಾತ್ರ ಕನ್ನಡದ್ದು.

ಕೊನೆಗೆ ಒಬ್ಬ ಹುಡುಗ: ‘ಅಪ್ಪ ಇಲ್ಲ, ಗೋವಾದಾಗ.’

ದುಡಿಯಲು ಗೋವಾಕ್ಕೆ ಹೋಗುವುದು ಈ ಕಡೆಯ ಎಷ್ಟೋ ಮನೆಗಳ ಸುದ್ದಿ. ಸುದ್ದಿಗಿಂತ ನನಗೆ ಮುಖ್ಯವಾದದ್ದು ಸಾಲಿನ ರಚನೆ. ಏನೈತಿ ಎಂದು ಕೇಳಿದ್ದಕ್ಕೆ ‘ಇಲ್ಲ’ ಎಂದವನು ಅವನೊಬ್ಬನೇ. ಅಲ್ಲಿಯವರೆಗೆ ನಡೆದುಬಂದ ಐತಿ-ಐತಿಯ ಪ್ರಾಸ ಅಲ್ಲಿ ಮುರಿಯಿತು. ಬೆಂಚು ಬಡಿಯುವ ಕೈಗಳೂ ಒಂದು ಗಳಿಗೆ ತಡೆದು, ಮತ್ತೆ ಮೊದಲಿಗಿಂತ ಜೋರಾಗಿ ಬಡಿದವು. (ಇದೇ ಊರಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಛಂದಸ್ಸಿನ ಕಟ್ಟು ಸಡಿಲಿಸಿದ್ದು ಕಡಲು ದಾಟಿದ ಮೇಲೆ, ‘ಸಮುದ್ರಗೀತೆಗಳು’ ಸಂಕಲನದಲ್ಲಿ.)

ಪ್ರದರ್ಶನದ ಮಾತು ಬಂದಾಗ ತೊಡಕು ಶುರುವಾಯಿತು. ಪಾಲಕರು ಬರುವ ದಿನ ‘ಐತಿ’ಯನ್ನು ‘ಇದೆ’ ಮಾಡಿರೆಂದು ಸಲಹೆ ಬಂತು. ಪಾನ್‌ದಾನ್ ಯಾರಿಗೂ ತಿಳಿಯುವುದಿಲ್ಲ ಎಂದರು. ಕೂತವರಲ್ಲಿ ಅರ್ಧ ಜನರ ಮನೆಯಲ್ಲಿ ಅದು ಇತ್ತು. ಗೋವಾದ ಸಾಲು ‘ನೆಗೆಟಿವ್’ ಎನಿಸಿತು. ಹೇಳಿದವರು ಕೆಟ್ಟವರಲ್ಲ, ಮಕ್ಕಳ ಬಗ್ಗೆ ಕಾಳಜಿಯುಳ್ಳವರೇ. ಆದರೆ ಅವರ ಕಿವಿಯನ್ನು ತಿದ್ದಿದ್ದು ನಮ್ಮ ಮಕ್ಕಳ ಸಾಹಿತ್ಯವೇ: ಮಗು ಎಂದರೆ ಮುಗ್ಧ, ಪದ್ಯ ಎಂದರೆ ಶಿಷ್ಟ ಭಾಷೆ, ವೇದಿಕೆ ಎಂದರೆ ಸಂತೋಷ. ತಿದ್ದಿದ ಸಾಲುಗಳನ್ನು ಮಕ್ಕಳು ಹಾಡಿದರು, ಕೈಗಳು ಸರಿಯಾಗಿ ಎದ್ದವು, ಚಪ್ಪಾಳೆಯೂ ಬಂತು. ‘ಸವಣೂರಿನಲ್ಲಿ ಏನಿದೆ?’ ಎಂಬುದು ಬೆಂಚಿನ ಬಡಿತಕ್ಕೆ ಹೊಂದಲಿಲ್ಲ. ಒಂದು ಪೆಟ್ಟು ಉಳಿಯುತ್ತಿತ್ತು. ಕಾರ್ಯಕ್ರಮ ಮುಗಿದು ಕುರ್ಚಿ ಎತ್ತಿಡುವಾಗ ನಾಲ್ಕೈದು ಹುಡುಗರು ಹಳೆಯ ಪ್ರಶ್ನೆಯನ್ನೇ ಹಿಡಿದು ಹೊಸ ಉತ್ತರ ಕಟ್ಟುತ್ತಿದ್ದರು. ಅದರಲ್ಲಿ ನನ್ನ ಹೆಸರೂ ಬಂದಿತ್ತು, ಅಷ್ಟೇನೂ ಗೌರವದಿಂದಲ್ಲ.