ಮೂವರು ಕುಳಿತ ಮೇಜು

ಪವಿತ್ರ ತ್ರಿತ್ವವನ್ನು ವಿವರಿಸಲು ಹೊರಟಾಗಲೆಲ್ಲ ನಾವು ಉಪಮೆಗಳ ಮೊರೆಹೋಗುತ್ತೇವೆ. ನೀರು, ಮಂಜುಗಡ್ಡೆ, ಆವಿ ಎಂಬ ಹೋಲಿಕೆ ಧರ್ಮೋಪದೇಶದ ತರಗತಿಗಳಿಗೆ ಚಿರಪರಿಚಿತ. ಆದರೆ ಪ್ರಿಯ ಓದುಗರೇ, ತುಸು ಯೋಚಿಸಿ. ಒಬ್ಬನೇ ದೇವರು ಒಮ್ಮೆ ಪಿತನಾಗಿ, ಒಮ್ಮೆ ಸುತನಾಗಿ, ಒಮ್ಮೆ ಪವಿತ್ರಾತ್ಮನಾಗಿ ವೇಷ ಬದಲಿಸುತ್ತಾನೆ ಎಂಬ ಅರ್ಥವನ್ನೇ ಆ ಹೋಲಿಕೆ ಕೊಡುತ್ತದೆ. ಮೂರನೆಯ ಶತಮಾನದ ಸಬೆಲ್ಲಿಯಸ್‌ನ ಹೆಸರಿನಲ್ಲಿ ಗುರುತಿಸಲಾಗುವ ಈ ಬೋಧನೆಯನ್ನು ಧರ್ಮಸಭೆ ಅಂದೇ ನಿರಾಕರಿಸಿತು. ಇನ್ನೂ ದೊಡ್ಡ ಕೊರತೆಯೊಂದಿದೆ: ನೀರು ಆವಿಯನ್ನು ಪ್ರೀತಿಸುವುದಿಲ್ಲ.

ಉಪಮೆಗಳು ಸೋತಲ್ಲಿ ಒಂದು ಚಿತ್ರ ಗೆದ್ದಿದೆ. ಹದಿನೈದನೆಯ ಶತಮಾನದ ಆರಂಭದಲ್ಲಿ ರಷ್ಯಾದ ಸನ್ಯಾಸಿ ಆಂದ್ರೇಯ್ ರುಬ್ಲ್ಯೋವ್ ರಚಿಸಿದ ‘ತ್ರಿತ್ವ’ ಎಂಬ ಐಕಾನ್ ಅದು. ಅದರ ಮೂಲ ಆದಿಕಾಂಡದ ಹದಿನೆಂಟನೆಯ ಅಧ್ಯಾಯ. ಮಮ್ರೆಯ ಮರಗಳ ಬಳಿ ಬಂದ ಮೂವರು ಅತಿಥಿಗಳನ್ನು ಅಬ್ರಹಾಮನು ಸತ್ಕರಿಸುತ್ತಾನೆ. ಸಾರಾ ರೊಟ್ಟಿ ಮಾಡುತ್ತಾಳೆ. ಈ ಅತಿಥಿಗಳಲ್ಲಿ ತ್ರಿತ್ವದ ಮುನ್ಸೂಚನೆಯನ್ನು ಕಾಣುವುದು ಧರ್ಮಸಭೆಯ ಹಳೆಯ ವಾಡಿಕೆ. ಹಿಂದಿನ ಚಿತ್ರಕಾರರು ಆತಿಥೇಯ ದಂಪತಿಯನ್ನೂ ಊಟದ ಸಡಗರವನ್ನೂ ಬಿಡದೆ ಚಿತ್ರಿಸುತ್ತಿದ್ದರು. ರುಬ್ಲ್ಯೋವ್ ಅವೆಲ್ಲವನ್ನೂ ತೆಗೆದುಹಾಕಿ, ಮೂವರು ದೇವದೂತರನ್ನೂ ಒಂದು ಮೇಜನ್ನೂ ಅದರ ನಡುವೆ ಒಂದೇ ಪಾತ್ರೆಯನ್ನೂ ಉಳಿಸಿಕೊಂಡರು.

ಮೂವರ ಮುಖಗಳನ್ನು ಗಮನಿಸಿ. ಒಬ್ಬರು ಹಿರಿಯರು, ಇನ್ನೊಬ್ಬರು ಕಿರಿಯರು ಎನ್ನುವಂತಿಲ್ಲ. ಮೂವರ ಉಡುಪಿನಲ್ಲೂ ನೀಲಿ ಬಣ್ಣವಿದೆ, ಆದರೆ ಯಾರ ಉಡುಪೂ ಇನ್ನೊಬ್ಬರದರಂತಿಲ್ಲ. ಕ್ರಿ.ಶ. 325ರ ನೈಸಿಯಾ ಮಹಾಸಭೆ ಸುತನ ಕುರಿತು, 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಪವಿತ್ರಾತ್ಮರ ಕುರಿತು ಸಾರಿದ ಸಮಾನತೆಯನ್ನು ಇಲ್ಲಿ ಬಣ್ಣವೇ ನುಡಿಯುತ್ತದೆ. ನಡುವಿನವರೂ ಬಲಬದಿಯವರೂ ಎಡಬದಿಯವರತ್ತ ತಲೆಬಾಗಿದ್ದಾರೆ. ಆ ಬಾಗುವಿಕೆಯಲ್ಲಿ ಅಧೀನತೆಯ ಕುಗ್ಗು ಇಲ್ಲ, ಪ್ರೀತಿಯ ಒಲವಿದೆ. ಇವರಲ್ಲಿ ಪಿತ ಯಾರು, ಸುತ ಯಾರು ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಚಿತ್ರಕಾರರು ಹೆಸರು ಬರೆಯಲಿಲ್ಲ. ಆ ಮೌನವನ್ನು ನಾನು ಕೃತಿಯ ದೋಷವೆನ್ನಲಾರೆ. ವಿವರಣೆಗೆ ಎಲ್ಲೆಯಿದೆ ಎಂಬ ವಿನಯವದು.

ಆದರೂ ಒಂದು ಆಕ್ಷೇಪಣೆಯನ್ನು ಎತ್ತಲೇಬೇಕು. ಹಿಟ್ಟು ನಾದಿದ ಸಾರಾಳನ್ನೂ ಬಿಸಿಲಿನಲ್ಲಿ ಓಡಿದ ಅಬ್ರಹಾಮನನ್ನೂ ಕೈಬಿಟ್ಟು ದುಡಿದವರನ್ನು ಮರೆಸಿದಂತಾಗಲಿಲ್ಲವೇ? ಉತ್ತರ ಮೇಜಿನಲ್ಲೇ ಇದೆ. ಮೂರು ಬದಿಗಳಲ್ಲಿ ಮೂವರಿದ್ದಾರೆ. ನಾಲ್ಕನೆಯ ಬದಿ, ಅಂದರೆ ನೋಡುವವರ ಬದಿ, ಬರಿದಾಗಿದೆ. ಆತಿಥೇಯರ ಜಾಗದಲ್ಲಿ ಈಗ ನಾವು ನಿಂತಿದ್ದೇವೆ. ಉಣಬಡಿಸುವವರಾಗಿ ಬಂದ ನಮಗೆ ಆ ತೆರವು ಆಮಂತ್ರಣವಾಗುತ್ತದೆ. ತ್ರಿತ್ವವು ಹೊರಗೆ ನಿಂತು ಬಿಡಿಸಬೇಕಾದ ಲೆಕ್ಕವಲ್ಲ, ಒಳಗೆ ಬಂದು ಬಾಳಬೇಕಾದ ಬದುಕು.

ಈ ಶಾಂತಿ ನೆಮ್ಮದಿಯ ಕಾಲದಲ್ಲಿ ಹುಟ್ಟಿದ್ದಲ್ಲ. ಸಂತ ಸೆರ್ಗಿಯಸ್ ಸ್ಥಾಪಿಸಿದ ತ್ರಿತ್ವದ ಮಠಕ್ಕಾಗಿ ಈ ಐಕಾನ್ ರಚನೆಯಾಯಿತು. ಆ ಮಠವು 1408ರಲ್ಲಿ ತಾತಾರರ ದಾಳಿಗೆ ಸಿಕ್ಕಿ ಸುಟ್ಟುಹೋಗಿತ್ತು. ಬಹುಕಾಲ ಮಾಸ್ಕೋದ ತ್ರೆತ್ಯಾಕೋವ್ ಕಲಾಶಾಲೆಯಲ್ಲಿದ್ದ ಈ ಫಲಕವನ್ನು, ಉಕ್ರೇನ್ ಯುದ್ಧ ನಡೆಯುತ್ತಿದ್ದ 2023ರಲ್ಲಿ, ರಷ್ಯಾದ ಆರ್ಥೊಡಾಕ್ಸ್ ಧರ್ಮಸಭೆಗೆ ಒಪ್ಪಿಸಲಾಯಿತು. ಹಳೆಯ ಮರಕ್ಕೆ ಹಾನಿಯಾದೀತೆಂದು ಸಂರಕ್ಷಣಾ ತಜ್ಞರು ಕಳವಳಪಟ್ಟರು. ಅದಕ್ಕಿಂತ ಆಳವಾದ ಪ್ರಶ್ನೆ ಬೇರೆಯೇ ಇದೆ. ಒಬ್ಬರಿಗೊಬ್ಬರು ತಲೆಬಾಗುವ ದೇವರ ಚಿತ್ರದ ಮುಂದೆ ಮೊಂಬತ್ತಿ ಹಚ್ಚಿ, ನೆರೆಯವನ ಮೇಲೆ ನಡೆಯುವ ಯುದ್ಧವನ್ನು ಹರಸುವುದು ಹೇಗೆ?

ಈ ಪ್ರಶ್ನೆ ರಷ್ಯಾದವರಿಗಷ್ಟೇ ಅಲ್ಲ. ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಾವು ದಿನವೂ ಶಿಲುಬೆಯ ಗುರುತು ಹಾಕಿಕೊಳ್ಳುತ್ತೇವೆ. ಆ ಮೂವರ ಮೇಜಿನಲ್ಲಿ ಪಂಕ್ತಿಭೇದವಿಲ್ಲ. ನಮ್ಮ ಮೇಜಿನ ನಾಲ್ಕನೆಯ ಬದಿ ಯಾರಿಗಾಗಿ ತೆರೆದಿದೆ?