ಬಿಳಿಯ ಹಟ

ನಮ್ಮ ಕಡೆಯ ಎಷ್ಟೋ ಶಾಲೆಗಳಲ್ಲಿ ಶನಿವಾರವೆಂದರೆ ಬಿಳಿ ಬಟ್ಟೆ. ಸಾಮೂಹಿಕ ಕವಾಯತಿಗೆ ಸಾಲಾಗಿ ನಿಂತ ಮಕ್ಕಳು ಬೆಳ್ಳಕ್ಕಿಗಳ ಹಾಗೆ ಕಾಣುತ್ತಾರೆ. ನೋಡಲು ಚೆಂದವೇ. ಆದರೆ ಶುಕ್ರವಾರ ಸಂಜೆ ನೀಲಿ ಹಾಕಿ ಹಿಂಡುವ ತಾಯಂದಿರನ್ನು ಯಾರೂ ಒಂದು ಮಾತು ಕೇಳಿದ್ದಿಲ್ಲ.

ಕೇಳಬೇಕಾದವರು ಇನ್ನೂ ಇದ್ದರು. ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಹುಡುಗಿಯರನ್ನು ತಾಲ್ಲೂಕು ಮಟ್ಟದ ಖೋಖೋ ಪಂದ್ಯಕ್ಕೆ ಕರೆದೊಯ್ದಿದ್ದೆ. ಬಿಳಿ ಟೀಶರ್ಟು, ಬಿಳಿ ಪ್ಯಾಂಟು. ಲಕ್ಷಣವಾಗಿ ಕಾಣುತ್ತದೆ ಅಂತ ಆರಿಸಿದವಳು ನಾನೇ. ತಂಡದಲ್ಲೆಲ್ಲ ಚುರುಕಾಗಿದ್ದ ಹುಡುಗಿ ಆಟದ ಹೊತ್ತಿಗೆ ಹೊಟ್ಟೆನೋವೆಂದು ಮೂಲೆ ಹಿಡಿದಳು. ಬೈದೆ. "ಟೀಚರ್, ಸ್ಕೂಲಿನ ನೀಲಿ ಲಂಗದಲ್ಲೇ ಆಡ್ಲಾ?" ಎಂದಳು. ತಂಡವೆಂದ ಮೇಲೆ ಒಂದೇ ಬಣ್ಣ ಎಂದುಬಿಟ್ಟೆ. ನಾನೂ ಹೆಣ್ಣೇ, ಆದರೂ ಹೊಳೆಯಲಿಲ್ಲ ನೋಡಿ. ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಅವಳು ಚೀಲವನ್ನು ಬೆನ್ನ ಹಿಂದೆ ಹಿಡಿದು ನಿಂತೇ ಬಂದಾಗ ಅರ್ಥವಾಯಿತು.

ಈ ಬಿಳಿಯ ಹಟಕ್ಕೆ ದೊಡ್ಡ ಮನೆ ವಿಂಬಲ್ಡನ್. ಹತ್ತೊಂಬತ್ತನೆಯ ಶತಮಾನದಲ್ಲಿ ಬೆವರಿನ ಕಲೆ ಎದ್ದು ಕಾಣಬಾರದೆಂದು ಟೆನಿಸ್ಸಿಗೆ ಬಿಳಿ ಬಂತು ಎನ್ನುತ್ತಾರೆ. ಅಲ್ಲಿನ ನಿಯಮದಲ್ಲಿ ಕೆನೆಬಣ್ಣ ಬಿಳಿಯಲ್ಲ, ಬಣ್ಣದ ಅಂಚು ಒಂದು ಸೆಂಟಿಮೀಟರು ಮೀರುವಂತಿಲ್ಲ. ನಾವು ಸೀರೆಯಂಗಡಿಯಲ್ಲಿ ಕೂತರೂ ಇಷ್ಟು ಅಳತೆ ಮಾಡುವುದಿಲ್ಲ! ಬೆವರು ಮರೆಸಲು ಬಂದ ಬಣ್ಣ ಹೆಣ್ಣುಮಕ್ಕಳ ಇನ್ನೊಂದು ಕಲೆಯನ್ನು ಊರಿಗೇ ತೋರಿಸುತ್ತದೆ ಎಂಬುದು ಅಳತೆಯವರಿಗೆ ತಿಳಿಯುವಷ್ಟರಲ್ಲಿ 2023 ಬಂದಿತ್ತು. ಸ್ಕರ್ಟಿನೊಳಗೆ ಗಾಢಬಣ್ಣದ ಚಡ್ಡಿ ಹಾಕಬಹುದೆಂದು ಆಗ ಒಪ್ಪಿದರು, ಅದೂ ಸ್ಕರ್ಟಿಗಿಂತ ಉದ್ದವಿರಬಾರದಂತೆ. ಕೈಯೆತ್ತಿ ಕೊಟ್ಟ ಹಾಗಿಲ್ಲ, ಚೌಕಾಶಿ ಮಾಡಿ ಕೊಟ್ಟ ಹಾಗಿದೆ.

ಇದಕ್ಕಿಂತ ಇಂಗ್ಲೆಂಡಿನ ಮಹಿಳಾ ಫುಟ್‌ಬಾಲ್ ತಂಡದ ಬದಲಾವಣೆ ನನಗೆ ಹಿಡಿಸಿತು. 2022ರಲ್ಲಿ ಯುರೋಪಿನ ಕಪ್ ಗೆದ್ದ ಆ ಹುಡುಗಿಯರು ಬಿಳಿ ಚಡ್ಡಿಯ ತೊಂದರೆಯನ್ನು ನಾಚಿಕೆಯಿಲ್ಲದೆ ಹೇಳಿದರು. 2023ರಲ್ಲಿ ಚಡ್ಡಿ ನೀಲಿಯಾಯಿತು, ಮೇಲಂಗಿ ಬಿಳಿಯಾಗಿಯೇ ಉಳಿಯಿತು. ಬರೀ ಅಂದವನ್ನೇ ನೋಡಿದರೂ ಇದು ವಾಸಿ. ತಲೆಯಿಂದ ಕಾಲಿನವರೆಗೆ ಬಿಳಿಯಾಗಿದ್ದಾಗ ಆಸ್ಪತ್ರೆಯ ಕಳೆ ಇರುತ್ತಿತ್ತು. ಈಗ ಕೆಳಗಿನ ನೀಲಿಯಿಂದ ಮೇಲಿನ ಬಿಳಿಗೂ ಒಂದು ಗತ್ತು ಬಂದಿದೆ.

ನಮ್ಮ ಹರ್ಮನ್‌ಪ್ರೀತ್ ಕೌರ್ ತಂಡ 2025ರ ನವೆಂಬರಿನಲ್ಲಿ ನವಿ ಮುಂಬೈಯಲ್ಲಿ ವಿಶ್ವಕಪ್ ಎತ್ತಿದ್ದು ನೀಲಿಯಲ್ಲಿ. ಅಂಗಿಯೂ ನೀಲಿ, ಪ್ಯಾಂಟೂ ನೀಲಿ. ಮಣ್ಣಾಗಲಿ ಬೆವರಾಗಲಿ, ಅದು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುವ ಬಣ್ಣ. ಟೆಸ್ಟಿಗೆ ಮಾತ್ರ ಬಿಳಿಯೇ. 2024ರ ಜೂನಿನಲ್ಲಿ ಚೆನ್ನೈಯಲ್ಲಿ ಶಫಾಲಿ ವರ್ಮಾ 205 ರನ್ ಹೊಡೆದದ್ದೂ ಬಿಳಿಯಲ್ಲೇ. ಕೆಂಪು ಚೆಂಡಿಗೆ ಬಿಳಿ ಒಪ್ಪುತ್ತದೆ, ಸಂಪ್ರದಾಯವೂ ಹೌದು, ಒಪ್ಪೋಣ. ಆದರೂ ನಾಲ್ಕು ದಿನ ಆ ಬಟ್ಟೆಯಲ್ಲಿ ಬಗ್ಗಿ ಎದ್ದು ಓಡುವ ಹುಡುಗಿಯರನ್ನು ಟೀವಿಯಲ್ಲಿ ನೋಡುವಾಗ ನನಗೆ ಸ್ಕೋರು ಮರೆತು ಆ ಬಸ್ಸು ನೆನಪಾಗುತ್ತದೆ.

ಮುಂದಿನ ವರ್ಷ ನಮ್ಮ ತಂಡಕ್ಕೆ ಕಂದುಗೆಂಪು ಪ್ಯಾಂಟು ಹೊಲಿಸಿದೆ. ಬಣ್ಣ ಯಾವುದಿರಲಿ ಎಂದು ಈ ಸಲ ಹುಡುಗಿಯರನ್ನೇ ಕೇಳಿದ್ದೆ. ಮೊದಲ ಒಗೆತಕ್ಕೇ ಬಣ್ಣ ಬಿಟ್ಟು ಎಲ್ಲರ ಕಾಲುಚೀಲಗಳೂ ಗುಲಾಬಿಯಾದವು. ಅದೇ ಕಾಲುಚೀಲ ಹಾಕಿಕೊಂಡು ಹನ್ನೆರಡು ಜನರೂ ಆಡಲು ಬಂದರು.